ದೊರೆಸಾನಿಯ ಎಡಗಣ್ಣು

ನಮ್ಮ ಬೀದಿಯಲ್ಲಿ ಯಾರ ಎರಡು ಕಣ್ಣೂ ಒಂದೇ ಅಳತೆಯವಲ್ಲ ಎಂಬ ಸಂಗತಿ ಒಂದು ಬೆಕ್ಕಿನ ದೆಸೆಯಿಂದ ಬಯಲಾಯಿತು. ಅದಕ್ಕೆ ಮೊದಲು ನಾವೆಲ್ಲ ಸುಖವಾಗಿಯೇ ಇದ್ದೆವು.

ನಾನು ದರ್ಜಿ. ನನ್ನ ಅಂಗಡಿಗೂ ಪಕ್ಕದ ಫೋಟೋ ಸ್ಟುಡಿಯೋಗೂ ನಡುವೆ ಇರುವುದು ಒಂದೇ ಗೋಡೆ, ಅದೂ ಹಲಗೆಯದು. ಆ ಕಡೆ ಫೋಟೋದವನು ಸೀನಿದರೆ ಈ ಕಡೆ ನನ್ನ ಸೂಜಿಯ ದಾರ ಅಲುಗುತ್ತದೆ. ಆದ್ದರಿಂದ ನಾನು ಹೇಳುವುದರಲ್ಲಿ ಕೇಳಿದ್ದೆಷ್ಟು, ಕಂಡದ್ದೆಷ್ಟು ಎಂದು ಯಾರೂ ತಕರಾರು ತೆಗೆಯಬಾರದು.

ಸ್ಟುಡಿಯೋದ ಬಾಗಿಲ ಮೇಲೆ ‘ಇದ್ದದ್ದು ಇದ್ದ ಹಾಗೆ’ ಎಂದು ದೊಡ್ಡ ಅಕ್ಷರದ ಬೋರ್ಡಿದೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆಯ ಮೊದಲರ್ಧವನ್ನು ಮಾತ್ರ ಅವನು ಬರೆಸಿದ್ದ. ಉಳಿದರ್ಧ ತನ್ನ ಪಾಲಿಗೆ ಬರದಿರಲೆಂದು, ಬಂದವರ ಫೋಟೋಗಳನ್ನೆಲ್ಲ ಗುಟ್ಟಾಗಿ ತಿದ್ದುತ್ತಿದ್ದ. ಗಿರಾಕಿ ಮೆಟ್ಟಿಲಿಳಿದ ಕೂಡಲೇ ಕಂಪ್ಯೂಟರಿನ ಮುಂದೆ ಕೂತು ಚಿಕ್ಕ ಕಣ್ಣನ್ನು ದೊಡ್ಡ ಕಣ್ಣಿಗೆ ಸರಿಗಟ್ಟಿ, ಕಿವಿಯನ್ನು ಒಳಕ್ಕೆ ತಳ್ಳಿ, ಗಲ್ಲದ ಕೆಳಗೆ ಇನ್ನೊಂದು ಗಲ್ಲವಿದ್ದರೆ ಅದನ್ನು ಒರೆಸಿ, ಮೂಲ ಫೋಟೋವನ್ನು ಗುರುತು ಸಿಗದ ಹಾಗೆ ಅಳಿಸಿಹಾಕುತ್ತಿದ್ದ. ಕೇಳಿದವರಿಗೆ, ತಾನು ಬೆರಳೂ ತಾಗಿಸಿಲ್ಲ, ದೇವರು ಕೊಟ್ಟ ಮುಖವೇ ಹಾಗಿದೆ ಎನ್ನುತ್ತಿದ್ದ. ಗಿರಾಕಿ ನಾಚಿಕೊಂಡು ಇನ್ನೆರಡು ಪ್ರತಿ ಕೇಳುತ್ತಿದ್ದ.

ನಾನೂ ಅಲ್ಲಿ ಒಂದು ಫೋಟೋ ತೆಗೆಸಿ ಅಂಗಡಿಯಲ್ಲಿ ತೂಗುಹಾಕಿದ್ದೆ. ಆ ಫೋಟೋ ಬಂದ ಮೇಲೆ, ಮನೆಯ ಕನ್ನಡಿಯೇ ಡೊಂಕು ಎಂದು ತೀರ್ಮಾನಿಸಿ ಕನ್ನಡಿಯನ್ನು ಬದಲಾಯಿಸಿದೆ. ಹೊಸ ಕನ್ನಡಿಯೂ ಡೊಂಕಾಗಿಯೇ ಬಂತು. ಕನ್ನಡಿ ಮಾಡುವವರ ಬಗ್ಗೆ ನನಗಿದ್ದ ಗೌರವ ಅಂದಿಗೆ ಹೋಯಿತು.

ಈ ಫೋಟೋದವನು ಜಗತ್ತಿನಲ್ಲಿ ಹೆದರುತ್ತಿದ್ದದ್ದು ಒಬ್ಬರಿಗೇ, ಅವನ ಅತ್ತೆಗೆ. ಆಕೆ ರೈಲಿನಲ್ಲಿ ಟಿಕೆಟ್ ಪರೀಕ್ಷಕಿಯಾಗಿದ್ದು ನಿವೃತ್ತಿಯಾದ ಹೆಂಗಸು. ಸ್ಟುಡಿಯೋದ ಮೇಲಿನ ಮನೆಯಲ್ಲಿ ಮಗಳು, ಅಳಿಯನ ಜೊತೆಗಿದ್ದರು. ಮಾತು ಕಡಿಮೆ. ಎದುರಿಗಿರುವವನು ಟಿಕೆಟ್ ಇಲ್ಲದೆ ಹುಟ್ಟಿದ್ದಾನೋ ಏನೋ ಎಂಬ ಹಾಗೆ ನೋಡುವರು. ಅಳಿಯನನ್ನು ಎಂದೂ ಬಹುವಚನ ಬಿಟ್ಟು ಕರೆದವರಲ್ಲ. ಸಿಟ್ಟು ಬಂದಷ್ಟೂ ಮರ್ಯಾದೆ ಹೆಚ್ಚುತ್ತಿತ್ತು.

ಆಕೆಯ ಜೊತೆ ಬಂದದ್ದು ದೊರೆಸಾನಿ. ಬೂದು ಬಣ್ಣದ, ಒಂಬತ್ತು ವರ್ಷದ, ಮಹಾ ಗತ್ತಿನ ಹೆಣ್ಣುಬೆಕ್ಕು. ಸ್ಟುಡಿಯೋದ ದೊಡ್ಡ ದೀಪಗಳ ಬಿಸಿಗೆ ಸೋತು ಹಗಲೆಲ್ಲ ಅವುಗಳ ಎದುರಿಗೇ ಬಿದ್ದಿರುತ್ತಿತ್ತು. ಪ್ರತಿ ತಿಂಗಳು ಒಂದನೇ ತಾರೀಕು ಅದರ ಫೋಟೋ ತೆಗೆದು, ಒಂದು ಪ್ರತಿಯನ್ನು ದೂರದೂರಿನ ಹಿರಿಮಗಳಿಗೆ ಕಳಿಸಿ, ಇನ್ನೊಂದನ್ನು ಆಲ್ಬಮ್ಮಿಗೆ ಹಾಕಬೇಕು. ಇದು ಅತ್ತೆಯ ಕಟ್ಟಳೆ. ಬೇರೆಯವರು ಮೊಮ್ಮಕ್ಕಳ ಫೋಟೋ ತೋರಿಸುವಲ್ಲಿ ಆಕೆ ಕೈಚೀಲದಿಂದ ಈ ಆಲ್ಬಮ್ ತೆಗೆಯುತ್ತಿದ್ದರು.

ಆ ತಿಂಗಳ ನಾಲ್ಕನೇ ತಾರೀಕು ದೊರೆಸಾನಿ ಮೇಜಿನಿಂದ ಸ್ಟೂಲಿಗೆ ಹಾರಿತು. ಸ್ಟೂಲು ಇದ್ದಲ್ಲೇ ಇತ್ತು, ಬೆಕ್ಕು ನೆಲದ ಮೇಲಿತ್ತು. ಎದ್ದು ಎರಡು ಹೆಜ್ಜೆ ನಡೆದು, ಎಡಗಡೆಯಿದ್ದ ಕ್ಯಾಮೆರಾ ಸ್ಟ್ಯಾಂಡಿನ ಕಾಲಿಗೆ ತಲೆ ಹೊಡೆದುಕೊಂಡು, ಅದನ್ನು ಅಲ್ಲಿ ಇಟ್ಟವರು ಯಾರು ಎಂಬಂತೆ ನಮ್ಮನ್ನೆಲ್ಲ ನೋಡಿತು. ಫೋಟೋದವನ ಹೆಂಡತಿ ಅದನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಎಡಗಣ್ಣು ಉಸಿರು ಬಿಟ್ಟ ಕನ್ನಡಿಯ ಹಾಗೆ ಮಂಜಾಗಿತ್ತು. ಸುತ್ತ ಕೆಂಪು. ಪಾಪೆ ದೊಡ್ಡದಾಗಿ, ಗುಂಡಗೆ ನಿಂತುಬಿಟ್ಟಿತ್ತು. ಅದೆಲ್ಲ ಬೆಳಕಿನ ದೋಷ ಎಂದು ಫೋಟೋದವನು ಹೇಳಿದ. ಆ ಕಸುಬಿನಲ್ಲಿ ಎಲ್ಲವೂ ಬೆಳಕಿನ ದೋಷವೇ. ಅತ್ತೆ ಚಪ್ಪಲಿ ಹಾಕಿಕೊಂಡರು.

ಬೆಕ್ಕನ್ನು ಒಯ್ಯಲು ನನ್ನ ಚೂರುಬಟ್ಟೆಯ ಬುಟ್ಟಿಯೇ ಬೇಕಾಯಿತು. ಬುಟ್ಟಿ ಹೋದಲ್ಲಿಗೆ ಬುಟ್ಟಿಯ ಯಜಮಾನ ಹೋಗುವುದು ನ್ಯಾಯ. ಹಾಗಾಗಿ ಪಶುವೈದ್ಯರ ಕೋಣೆಯಲ್ಲಿ ನಾನೂ ಇದ್ದೆ. ಹೊರಗಿನ ಬೆಂಚಿನ ಮೇಲೆ ನಮ್ಮ ಬೀದಿಯ ಹೆಡ್‌ಮಿಸ್ಟ್ರೆಸ್ಸು ಗಿಳಿಯ ಪಂಜರ ಹಿಡಿದು ಕೂತಿದ್ದರು. ಪಕ್ಕದಲ್ಲಿ ಆಗಷ್ಟೇ ನಿವೃತ್ತರಾದ ಪೋಸ್ಟ್‌ಮಾಸ್ಟರು, ಕಾಲಡಿಯಲ್ಲಿ ಅವರ ಕುಂಟುನಾಯಿ. ಒಳಕೋಣೆಯ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ.

ಡಾಕ್ಟರಮ್ಮ ಇನ್ನೂ ಚಿಕ್ಕ ಪ್ರಾಯದವರು, ಮೆಲುದನಿಯವರು. ಕೋಣೆಯ ದೀಪ ಆರಿಸಿ ಸಣ್ಣ ಟಾರ್ಚು ಬಿಟ್ಟರು. ಬಲಗಣ್ಣಿನ ಪಾಪೆ ಸರಕ್ಕನೆ ಗೆರೆಯಾಯಿತು. ಎಡಗಣ್ಣಿನದು ಅಲುಗಲಿಲ್ಲ. ಮರಗಟ್ಟಿಸುವ ಒಂದು ಹನಿ ಹಾಕಿ, ಪೆನ್ನಿನಂಥ ಸಾಧನದ ತುದಿಯನ್ನು ಕಣ್ಣಿಗೆ ಮುಟ್ಟಿಸಿ ಒತ್ತಡ ನೋಡಿದರು. ಇಪ್ಪತ್ತೈದರ ಒಳಗಿರಬೇಕಂತೆ. ಬಲಗಣ್ಣು ಹದಿನೆಂಟು ತೋರಿಸಿತು, ಎಡಗಣ್ಣು ನಲವತ್ತಾರು.

ಇದು ಗ್ಲಾಕೋಮಾ ಎಂದರು. ಕಣ್ಣಿನೊಳಗೆ ಒಂದು ನೀರು ಸದಾ ಹುಟ್ಟುತ್ತಾ ಸದಾ ಹೊರಗೆ ಹರಿಯುತ್ತಾ ಇರುತ್ತದೆ. ಹೊರದಾರಿ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ ಹಿಂದಿನ ನರವನ್ನು ಹಿಸುಕುತ್ತದೆ. ಸತ್ತ ನರ ಮತ್ತೆ ಚಿಗುರುವುದಿಲ್ಲ. ನೋವೂ ವಿಪರೀತ. ಮನುಷ್ಯನಾದರೆ ತಲೆ ಹಿಡಿದುಕೊಂಡು ಮನೆಯವರ ತಲೆ ತಿನ್ನುತ್ತಾನೆ. ಬೆಕ್ಕು ಮೂಲೆ ಸೇರಿ ಮಲಗುತ್ತದೆ, ಜನ ಅದನ್ನು ಸೋಮಾರಿ ಅನ್ನುತ್ತಾರೆ. ಇದನ್ನು ಕೇಳಿ ನಾನು ತಲೆ ತಗ್ಗಿಸಿದೆ. ಹಿಂದಿನ ವಾರವಷ್ಟೇ ನಾನು ಹಾಗೆ ಅಂದಿದ್ದೆ.

ಡಾಕ್ಟರಮ್ಮ ಟಾರ್ಚು ಕೆಳಗಿಟ್ಟು ಕೇಳಿದರು. “ಇದು ಯಾವಾಗಿಂದ ಹೀಗಿದೆ? ಅದು ಗೊತ್ತಾಗಲೇಬೇಕು. ಕೆಲವು ವಾರ ಅಂದ್ರೆ ಕಣ್ಣಿಗೆ ಹನಿ ಹಾಕಿ ಉಳಿಸೋ ಆಸೆ ಇದೆ. ಆರು ತಿಂಗಳು ಅಂದ್ರೆ ದೃಷ್ಟಿ ಹೋಗಿರುತ್ತೆ, ಬರೀ ನೋವಷ್ಟೇ ಉಳಿದಿರುತ್ತೆ. ಆಗ ಕಣ್ಣು ತೆಗೆಯೋದೇ ಅದಕ್ಕೆ ನಾವು ಮಾಡೋ ಉಪಕಾರ.”

ಅತ್ತೆಯ ಕೈ ಒಮ್ಮೆ ಬೆಕ್ಕಿನ ಬೆನ್ನ ಮೇಲೆ ನಿಂತಿತು. ಆಮೇಲೆ ಆಕೆ ಕೈಚೀಲದ ಬಾಯಿ ತೆಗೆದರು. ತಮ್ಮ ಹತ್ತಿರ ಪುರಾವೆ ಇದೆ, ಪ್ರತಿ ತಿಂಗಳದ್ದೂ ಇದೆ, ಅಳಿಯಂದಿರ ಕೈಯಲ್ಲಿ ತೆಗೆಸಿದ್ದು, ಅವರು ಫೋಟೋಕ್ಕೆ ಬೆರಳೂ ತಾಗಿಸುವವರಲ್ಲ ಎಂದು ಹೇಳಿ, ಇಲಾಖೆಗೆ ವರದಿ ಒಪ್ಪಿಸುವ ಠೀವಿಯಲ್ಲಿ ಆಲ್ಬಮ್ಮನ್ನು ಮೇಜಿನ ಮೇಲಿಟ್ಟರು. ಫೋಟೋದವನು ಗೋಡೆಗೆ ಅಂಟಿಸಿದ್ದ ನಾಯಿಹಲ್ಲಿನ ಚಿತ್ರವನ್ನು ಬಹಳ ಆಸಕ್ತಿಯಿಂದ ಓದತೊಡಗಿದ.

ಡಾಕ್ಟರಮ್ಮ ಪುಟ ತಿರುವಿದರು. ಒಂದೊಂದು ತಿಂಗಳೂ ಎರಡು ಕಣ್ಣು, ಎರಡು ಗೆರೆ, ಅಚ್ಚೊತ್ತಿದ ಹಾಗೆ ಸಮ. ಮೂರು ದಿನದ ಹಿಂದೆ ತೆಗೆದದ್ದರಲ್ಲೂ ಸಮ. ಅವರ ಹುಬ್ಬು ಗಂಟಿಕ್ಕಿತು. ಮೂರು ದಿನದ ಹಿಂದೆ ನೆಟ್ಟಗಿದ್ದ ಕಣ್ಣು ಇಷ್ಟು ಕೆಡಬೇಕಾದರೆ ಒಳಗಿನ ಮಸೂರವೇ ಜಾರಿರಬಹುದು, ಮಂಜಿನಿಂದಾಗಿ ತಮಗೆ ಒಳಗೇನೂ ಕಾಣುತ್ತಿಲ್ಲ, ಹಾಗಿದ್ದರೆ ಇವತ್ತೇ ಅರಿವಳಿಕೆ ಕೊಟ್ಟು ಕಣ್ಣು ಕೊಯ್ಯಬೇಕು ಎಂದು ಹೇಳಿ ಕಂಪೌಂಡರಿಗೆ ಸಲಕರಣೆ ಕುದಿಸಲು ಹೇಳಿದರು. ಪಾತ್ರೆಯಲ್ಲಿ ಕತ್ತರಿಗಳು ಕಣಕಣ ಎಂದವು.

ನಾಯಿಹಲ್ಲಿನ ಕಡೆಯಿಂದ ಒಂದು ಸಣ್ಣ ದನಿ ಬಂತು.

“ಕೊಯ್ಬೇಡಿ ಮೇಡಂ. ಅದನ್ನ... ನಾನು ತಿದ್ದಿದೀನಿ.”

ಅತ್ತೆ ತಿರುಗಿದರು. “ಏನನ್ನ ತಿದ್ದಿದೀರಿ, ಅಳಿಯಂದ್ರೇ?”

“ಕಣ್ಣು.”

“ಯಾರ ಕಣ್ಣು?”

“ಎಲ್ಲರದ್ದೂ.”

ಹೊರಗಿನ ಬೆಂಚು ಕಿರುಗುಟ್ಟಿತು. ಇಷ್ಟು ವರ್ಷ ಹಲಗೆಯ ಆ ಕಡೆಯಿಂದ ಟಕ್ ಟಕ್ ಎಂದು ಕೇಳುತ್ತಿದ್ದ ಸದ್ದು ಏನೆಂದು ನನಗೂ ಆಗ ಪೂರ್ತಿ ತಿಳಿಯಿತು. ಸ್ವಾಮಿ, ನಾನೂ ಸೊಟ್ಟ ಭುಜದವರ ಕೋಟಿಗೆ ಹತ್ತಿ ತುಂಬುವವನೇ. ಆದರೆ ನಾನು ಬೋರ್ಡು ಹಾಕಿಲ್ಲ.

ಎಂದಿನಿಂದ ತಿದ್ದುತ್ತಿದ್ದೀರಿ ಎಂದು ಡಾಕ್ಟರಮ್ಮ ಕೇಳಿದರು. ಅವನಿಗೆ ನೆನಪೇ ಇರಲಿಲ್ಲ. ಎರಡು ಕಣ್ಣು ಕಂಡರೆ ಕೈ ತಾನಾಗಿ ಸರಿಮಾಡುತ್ತದೆ, ಕಣ್ಣು ಮನುಷ್ಯರದ್ದೋ ಬೆಕ್ಕಿನದ್ದೋ ಎಂದು ಮನಸ್ಸು ನೋಡುವುದಿಲ್ಲ, ಒಂದು ಸಲವೋ ಆರು ಸಲವೋ ಗೊತ್ತಿಲ್ಲ, ಮೂಲ ಯಾವುದೂ ಉಳಿದಿಲ್ಲ ಎಂದು ಅತ್ತೇಬಿಟ್ಟ. ಡಾಕ್ಟರಮ್ಮ ಒತ್ತಡ ಇಳಿಸುವ ಎರಡು ಥರದ ಹನಿಗಳನ್ನು ಅಲ್ಲೇ ಶುರು ಮಾಡಿದರು. ಆದರೆ ಭಾನುವಾರದೊಳಗೆ ಕಾಲ ಗೊತ್ತಾಗದಿದ್ದರೆ, ಕುರುಡಾಗಿ ಹೋದ ಕಣ್ಣಿಗಾಗಿ ಬೆಕ್ಕನ್ನು ವಾರಗಟ್ಟಲೆ ನೋಯಿಸಲು ತಾವು ಒಪ್ಪುವುದಿಲ್ಲ, ಸೋಮವಾರ ಕಣ್ಣು ತೆಗೆಯುವುದೇ ಸರಿ ಎಂದರು.

ದಾರಿಯುದ್ದಕ್ಕೂ ಅತ್ತೆ ಆಡಿದ್ದು ಒಂದೇ ಮಾತು. “ತಾವು ಮುಂದೆ ನಡೀರಿ, ಅಳಿಯಂದ್ರು.” ಮರ್ಯಾದೆ ಅಷ್ಟು ಎತ್ತರಕ್ಕೆ ಏರಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ನಾವು ಬುಟ್ಟಿ ಇಳಿಸುವ ಮೊದಲೇ ಸುದ್ದಿ ಬೀದಿ ಸುತ್ತಿ ಬಂದಿತ್ತು. ಮಧ್ಯಾಹ್ನದ ಹೊತ್ತಿಗೆ ಸ್ಟುಡಿಯೋದ ಮುಂದೆ ಸಾಲು. ಹೊಡೆಯಲು ಬಂದಿದ್ದಾರೆಂದು ಹೆದರಿ ಫೋಟೋದವನು ಪರದೆಯ ಹಿಂದೆ ಅಡಗಿದ್ದ. ಆದರೆ ಬಂದವರು ಒಬ್ಬೊಬ್ಬರಾಗಿ ಒಳಗೆ ಹೋಗಿ, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಕೇಳುತ್ತಿದ್ದದ್ದೇ ಬೇರೆ. ತಮ್ಮದರಲ್ಲಿ ಏನು ತಿದ್ದಿದ್ದೀಯ ಎಂದು ಒಬ್ಬರೂ ಕೇಳಲಿಲ್ಲ. ಪಕ್ಕದ ಮನೆಯವರದ್ದು ಎಷ್ಟು ತಿದ್ದಿದ್ದೀಯ ಎಂದು ಎಲ್ಲರೂ ಕೇಳಿದರು. ಹೆಡ್‌ಮಿಸ್ಟ್ರೆಸ್ಸು ನಮ್ಮ ಬೀದಿಯಲ್ಲೇ ಇರುವ ಪೊಲೀಸ್ ಇನ್‌ಸ್ಪೆಕ್ಟರರ ಹೊಟ್ಟೆಯ ಬಗ್ಗೆ ವಿಚಾರಿಸಿದರು. ಇನ್‌ಸ್ಪೆಕ್ಟರು ಪೋಸ್ಟ್‌ಮಾಸ್ಟರರ ಕೂದಲಿನ ಬಗ್ಗೆ ಅಧಿಕೃತವಾಗಿ ವಿಚಾರಣೆ ನಡೆಸಿದರು. ನನ್ನ ಬಗ್ಗೆ ಮೂವರು ಕೇಳಿದರೆಂದು ಹಲಗೆಯ ಮೂಲಕ ತಿಳಿಯಿತು. ಆ ಮೂವರ ಅಳತೆಯೂ ನನ್ನ ಪುಸ್ತಕದಲ್ಲಿದೆ, ಇರಲಿ.

ಇಷ್ಟಾದರೂ ಬೆಕ್ಕಿನ ಕಾಲ ಗೊತ್ತಾಗಲಿಲ್ಲ. ಶನಿವಾರ ಸಂಜೆ ಅತ್ತೆ ದೊರೆಸಾನಿಯನ್ನು ಮಡಿಲಲ್ಲಿಟ್ಟುಕೊಂಡು ಸ್ಟುಡಿಯೋದ ಮೆಟ್ಟಿಲ ಮೇಲೆ ಕೂತಿದ್ದರು. ಟಿಕೆಟ್ ಪರೀಕ್ಷಕಿಯ ಆ ಮುಖ ಅಂದು ಇರಲಿಲ್ಲ. ಒಂಬತ್ತು ವರ್ಷದಿಂದ ಜೊತೆಗಿರುವ ಜೀವದ ನೋವು ತನಗೆ ಕಾಣದೇ ಹೋಯಿತಲ್ಲ ಎಂದು ನನ್ನೆದುರಿಗೇ ಅಂದರು. ನನಗೆ ಸಂಕಟವಾಯಿತು. ಫೋಟೋದವನಿಗೆ ನನಗಿಂತ ಹೆಚ್ಚು ಆಗಿರಬೇಕು, ಅವನು ಎರಡು ದಿನದಿಂದ ಯಾರ ಕಿವಿಯನ್ನೂ ಒಳಕ್ಕೆ ತಳ್ಳಿರಲಿಲ್ಲ.

ಆಗ ಅವನ ಹೆಂಡತಿ, ಪರದೆ ಮಡಿಸುತ್ತಿದ್ದವಳು, ಅಲ್ಲಿಂದಲೇ ಕೇಳಿದಳು. “ರೀ, ಗುಂಪು ಫೋಟೋ ತೆಗೆಯುವಾಗ ಇದು ಯಾವಾಗಲೂ ಮುಂದೆ ಬಂದು ಬಿದ್ದಿರುತ್ತಲ್ಲ, ಆಗ ಇದನ್ನೂ ತಿದ್ತೀರಾ?”

“ಅದನ್ನ ಯಾಕೆ ತಿದ್ದಲಿ? ಗುಂಪಲ್ಲಿ ಬೆಕ್ಕನ್ನ ಯಾರು ನೋಡ್ತಾರೆ?”

“ನಾಳೆ ಎಲ್ಲರೂ ನೋಡ್ತಾರೆ,” ಎಂದಳು ಆಕೆ.

ಫೋಟೋಗಳನ್ನು ಕಳಿಸಿಕೊಡಿ ಎಂದರೆ ಯಾರೂ ಕಳಿಸಲಿಲ್ಲ. ಅವನ ಕೈಗೆ ಸಿಕ್ಕರೆ ತಿದ್ದಿದ್ದನ್ನೆಲ್ಲ ಮೊದಲಿನಂತೆ ಮಾಡಿಬಿಡುತ್ತಾನೆಂಬ ಭಯ. ಹೀಗಾಗಿ ಭಾನುವಾರ ಬೆಳಗ್ಗೆ ಡಾಕ್ಟರಮ್ಮನೇ ಭೂತಗನ್ನಡಿ ಹಿಡಿದು ಬೀದಿಗೆ ಬಂದರು. ಹಿಂದೆ ಅತ್ತೆ, ಅವರ ಹಿಂದೆ ಫೋಟೋದವನು, ಅವನ ಹಿಂದೆ ನಾನು. ನನಗೆ ಅಲ್ಲಿ ಕೆಲಸವಿರಲಿಲ್ಲ, ಆದರೆ ಹೋಗದಿದ್ದರೆ ಊಟ ಸೇರುತ್ತಿರಲಿಲ್ಲ.

ಮೊದಲು ಹೆಡ್‌ಮಿಸ್ಟ್ರೆಸ್ಸರ ಮನೆ. ಅವರು ಇಸ್ತ್ರಿ ಮಾಡಿದ ಉಡುಪಿನಲ್ಲಿ, ಎಂಟು ತಿಂಗಳ ಹಿಂದಿನ ಶಾಲೆಯ ಗುಂಪು ಫೋಟೋದ ಪಕ್ಕ, ಫೋಟೋದಲ್ಲಿ ಇದ್ದಷ್ಟೇ ಕುತ್ತಿಗೆ ಎತ್ತಿ ನಿಂತಿದ್ದರು. ಡಾಕ್ಟರಮ್ಮ ಅವರ ಕಡೆ ನೋಡಲೇ ಇಲ್ಲ. ನೇರ ಬಗ್ಗಿ, ಮುಂದಿನ ಸಾಲಿನ ಚಪ್ಪಲಿಗಳ ನಡುವೆ ಬಿದ್ದಿದ್ದ ದೊರೆಸಾನಿಗೆ ಭೂತಗನ್ನಡಿ ಹಿಡಿದರು. ದೊಡ್ಡ ದೀಪದ ಬೆಳಕಿಗೆ ಎರಡು ಪಾಪೆಯೂ ಗೆರೆಯಾಗಿದ್ದವು. ಸರಿಯಿದೆ ಎಂದು ಬರೆದುಕೊಂಡು ಹೊರಟರು. ಹೆಡ್‌ಮಿಸ್ಟ್ರೆಸ್ಸರ ಕುತ್ತಿಗೆ ನಿಧಾನವಾಗಿ ಕೆಳಗಿಳಿಯಿತು.

ಪೋಸ್ಟ್‌ಮಾಸ್ಟರರ ಮನೆಯಲ್ಲಿದ್ದದ್ದು ಅವರ ಬೀಳ್ಕೊಡುಗೆಯ ಫೋಟೋ, ಮೂವತ್ತೈದು ದಿನದ ಹಿಂದಿನದು. ಬೋಳುತಲೆಯನ್ನು ಮುಚ್ಚಲು ಅವರು ಮನೆಯೊಳಗೇ ಟೋಪಿ ಹಾಕಿಕೊಂಡಿದ್ದರು. ಅಲ್ಲೂ ಎರಡು ಗೆರೆ. ಡಾಕ್ಟರಮ್ಮನ ಮುಖ ಅರಳತೊಡಗಿತು. ಅತ್ತೆ ಮೊದಲ ಬಾರಿಗೆ ನಮಗಿಂತ ಮುಂದೆ ನಡೆದರು.

ಕೊನೆಗೆ ಇನ್‌ಸ್ಪೆಕ್ಟರರ ಮನೆ. ಹದಿನಾರು ದಿನದ ಹಿಂದೆ ತೆಗೆಸಿದ ಸಂಸಾರದ ಫೋಟೋ ನಡುಮನೆಯಲ್ಲಿತ್ತು. ಇನ್‌ಸ್ಪೆಕ್ಟರು ಅದರ ಪಕ್ಕ ಉಸಿರು ಬಿಗಿಹಿಡಿದು, ಹೊಟ್ಟೆಯನ್ನು ಫೋಟೋದ ಅಳತೆಗೆ ಒಳಕ್ಕೆಳೆದು ನಿಂತಿದ್ದರು. ಡಾಕ್ಟರಮ್ಮ ನೋಡಿದರು. ಮತ್ತೆ ನೋಡಿದರು. ಭೂತಗನ್ನಡಿಯನ್ನು ಅತ್ತೆಯ ಕೈಗೆ ಕೊಟ್ಟರು. ಬೆಕ್ಕಿನ ಬಲಗಣ್ಣಿನಲ್ಲಿ ಗೆರೆ, ಎಡಗಣ್ಣಿನಲ್ಲಿ ಗುಂಡಗೆ ಕಪ್ಪು. ತಿದ್ದದ, ಬೆರಳೂ ತಾಗದ, ಇದ್ದ ಹಾಗೆ ಇದ್ದ ಕಣ್ಣು. ಇನ್‌ಸ್ಪೆಕ್ಟರರ ಉಸಿರು ಮುಗಿದು ಹೊಟ್ಟೆ ತನ್ನ ಸ್ಥಾನಕ್ಕೆ ಮರಳಿತು.

“ಹದಿನಾರು ದಿನಕ್ಕಿಂತ ಹಳೇದು, ಮೂವತ್ತೈದಕ್ಕಿಂತ ಹೊಸದು,” ಎಂದರು ಡಾಕ್ಟರಮ್ಮ. “ಕಣ್ಣು ತೆಗೆಯೋ ಮಾತು ಈಗ ಬೇಡ. ಪ್ರಯತ್ನ ಮಾಡೋಣ.”

ಅತ್ತೆ ಇನ್‌ಸ್ಪೆಕ್ಟರರ ಕುರ್ಚಿಯಲ್ಲಿ ಕೇಳದೆ ಕೂತುಬಿಟ್ಟರು. ಫೋಟೋದವನು ಖುಷಿಯಿಂದ ನನ್ನನ್ನು ತಬ್ಬಿಕೊಂಡ, ನನ್ನ ಕುತ್ತಿಗೆಯಲ್ಲಿದ್ದ ಅಳತೆಪಟ್ಟಿ ಇಬ್ಬರಿಗೂ ಸುತ್ತಿಕೊಂಡಿತು.

ಅದುವರೆಗೆ ಆಸ್ಪತ್ರೆಯಲ್ಲಿ ಹಾಕಿಸುತ್ತಿದ್ದ ಹನಿಯನ್ನು ಅಂದಿನಿಂದ ಮನೆಯಲ್ಲೇ ಹಾಕಬೇಕಾಯಿತು. ಬೆಳಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು. ಮೊದಲೊಂದು ಹನಿ, ಐದು ನಿಮಿಷ ಬಿಟ್ಟು ಇನ್ನೊಂದು. ತಪ್ಪಿಸುವಂತಿಲ್ಲ, ಸಾಕು ಎಂದು ನಮ್ಮಷ್ಟಕ್ಕೆ ನಿಲ್ಲಿಸುವಂತಿಲ್ಲ, ಒತ್ತಡ ಇಳಿದ ಮೇಲೂ ಬಹುಶಃ ಜೀವಮಾನವಿಡೀ ಹಾಕಬೇಕು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಅತ್ತೆ ಅಳಿಯಂದಿರ ಕಡೆ ನೋಡಿದರು, ಅಷ್ಟೇ.

ಮೊದಲ ದಿನ ಹನಿ ಅವನ ಅಂಗಿಗೆ ಬಿತ್ತು. ಎರಡನೆಯ ದಿನ ನನ್ನ ಅಂಗಿಗೆ. ಮೂರನೆಯ ದಿನ ನಾನು ದಪ್ಪ ಬಟ್ಟೆಯಲ್ಲಿ ಒಂದು ಚೀಲ ಹೊಲಿದುಕೊಟ್ಟೆ, ತಲೆಯೊಂದು ಹೊರಗೆ, ನಾಲ್ಕು ಕಾಲೂ ಒಳಗೆ. ನನ್ನ ಕಸುಬಿನಲ್ಲಿ ಅಷ್ಟು ಬೈಗುಳ ತಿಂದ ಉಡುಪು ಇನ್ನೊಂದಿಲ್ಲ. ಎರಡು ಗಂಟೆಗೆ ಜನ ನೋಡಲು ಬರತೊಡಗಿದರು. ಪೋಸ್ಟ್‌ಮಾಸ್ಟರು ಗಡಿಯಾರ ಹಿಡಿದು ಐದು ನಿಮಿಷ ಎಣಿಸುವ ಹೊಣೆ ಹೊತ್ತರು. ಹೆಡ್‌ಮಿಸ್ಟ್ರೆಸ್ಸು ಬೆಕ್ಕಿಗೆ ಶಿಸ್ತು ಹೇಳಿದರು. ಫೋಟೋದವನು ಗಿರಾಕಿಯನ್ನು ಸ್ಟೂಲಿನ ಮೇಲೆ ನಗುವಂತೆ ಕೂರಿಸಿ, ಎರಡು ಗಂಟೆ ಹೊಡೆದದ್ದೇ ಹಾಗೇ ಬಿಟ್ಟು ಓಡುತ್ತಿದ್ದ. ಗಿರಾಕಿ ಹತ್ತು ನಿಮಿಷ ನಗುತ್ತಲೇ ಕಾಯುತ್ತಿದ್ದ. ದೊರೆಸಾನಿಯೂ ಕಡಿಮೆಯಿಲ್ಲ, ಅವನ ಹೆಜ್ಜೆಸಪ್ಪಳಕ್ಕೇ ಕಪಾಟಿನ ಮೇಲೇರುತ್ತಿತ್ತು. ಒತ್ತಡ ಮೂವತ್ತಮೂರಕ್ಕೆ ಇಳಿಯಿತು, ಆಮೇಲೆ ಇಪ್ಪತ್ತೆರಡಕ್ಕೆ. ಮಂಜು ತಿಳಿಯಾಯಿತು. ಬೆಕ್ಕು ಮೂಲೆ ಬಿಟ್ಟು ಮತ್ತೆ ದೀಪದ ಮುಂದೆ ಬಂದು ಮಲಗತೊಡಗಿತು. ಆದರೆ ಒತ್ತಡ ಇಳಿದರೆ ಸಾಲದು, ಆ ಕಣ್ಣಿಗೆ ಕಾಣುತ್ತದೆಯೇ ಎಂದು ನೋಡಬೇಕು ಎಂದು ಡಾಕ್ಟರಮ್ಮ ಮೂರು ವಾರದ ನಂತರದ ಒಂದು ದಿನ ಗೊತ್ತುಮಾಡಿದರು.

ಆ ದಿನ ಬೀದಿಯ ಅರ್ಧ ಜನ ಆಸ್ಪತ್ರೆಯ ಬೆಂಚಿನ ಮೇಲಿದ್ದರು, ಉಳಿದರ್ಧ ಬೆಂಚಿನ ಹಿಂದೆ. ಡಾಕ್ಟರಮ್ಮ ದೊರೆಸಾನಿಯ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಎಡಗಣ್ಣಿನ ಮುಂದೆ ಒಂದು ಹತ್ತಿಯುಂಡೆಯನ್ನು ಮೇಲಿನಿಂದ ಬಿಟ್ಟರು. ಹತ್ತಿ ಬಿದ್ದರೆ ಸದ್ದಾಗುವುದಿಲ್ಲ, ಕಂಡರೆ ಮಾತ್ರ ಬೆಕ್ಕು ತಲೆ ಹೊರಳಿಸುತ್ತದಂತೆ. ಉಂಡೆ ಬಿತ್ತು. ದೊರೆಸಾನಿ ಅಲುಗಲಿಲ್ಲ. ಎರಡನೆಯದು ಬಿತ್ತು. ಅಲುಗಲಿಲ್ಲ. ಮೂರನೆಯದಕ್ಕೂ ಅದು ಗೋಡೆ ನೋಡುತ್ತಾ ಕೂತಿತ್ತು. ಡಾಕ್ಟರಮ್ಮ ನಾಲ್ಕನೆಯ ಉಂಡೆಯನ್ನು ಕೆಳಗಿಟ್ಟರು. ಬಾಗಿಲಲ್ಲಿ ತಲೆ ತೂರಿಸಿದ್ದವರೆಲ್ಲ ಒಬ್ಬೊಬ್ಬರಾಗಿ ಹಿಂದೆ ಸರಿದರು. ಅತ್ತೆ ಹೋಗಲಿ ಬಿಡಿ ಎಂದರು. ನೋವಾದರೂ ಇಲ್ಲವಲ್ಲ, ಒಂದು ಕಣ್ಣಲ್ಲೇ ಇದ್ದುಕೊಳ್ಳಲಿ, ನಾವಿದ್ದೇವೆ ಎಂದರು. ಅಳಿಯನನ್ನು ಬೈಯಲಿಲ್ಲ, ಅದನ್ನೇ ಅವನಿಗೆ ತಡೆಯಲಾಗಲಿಲ್ಲ.

ಅಷ್ಟರಲ್ಲಿ ಹೊರಗಿನಿಂದ ಪೋಸ್ಟ್‌ಮಾಸ್ಟರು ಅಭ್ಯಾಸಬಲದಿಂದ ಎರಡು ಗಂಟೆ ಆಯಿತೆಂದು ಕೂಗಿದರು. ಫೋಟೋದವನು ಅದೇ ಅಭ್ಯಾಸಬಲದಿಂದ, ಕಣ್ಣೊರೆಸಿಕೊಳ್ಳುತ್ತಲೇ, ಜೇಬಿನಿಂದ ಹನಿಯ ಶೀಶೆ ತೆಗೆದು, ಸದ್ದಿಲ್ಲದೆ ಎಡಗಡೆಯಿಂದ ಬೆಕ್ಕಿನತ್ತ ಬಗ್ಗಿದ. ಡಾಕ್ಟರಮ್ಮನ ಅಂಗೈ ಇನ್ನೂ ಬಲಗಣ್ಣಿನ ಮೇಲೇ ಇತ್ತು.

ದೊರೆಸಾನಿಯ ಎಡಗಣ್ಣು ಶೀಶೆಯತ್ತ ಹೊರಳಿತು. ಶೀಶೆಯಿಂದ ಕೈಗೆ, ಕೈಯಿಂದ ಮುಖಕ್ಕೆ ಏರಿತು. ಆಮೇಲೆ ಮುಂಗಾಲು ಎದ್ದು, ಗುರಿ ಒಂದಿಷ್ಟೂ ತಪ್ಪದೆ, ಅವನ ಮೂಗಿನ ನಟ್ಟನಡುವೆ ಫಟ್ ಎಂದು ಬಿತ್ತು.

ಫೋಟೋದವನು ಮೂಗು ಹಿಡಿದುಕೊಂಡು, ರಕ್ತ ಸುರಿಯುತ್ತಿದ್ದರೂ ಬಾಯಗಲಿಸಿ ನಗುತ್ತಿದ್ದ. ಅತ್ತೆ ಎದ್ದು ಹತ್ತಿರ ಬಂದರು, ತಮ್ಮ ಕರವಸ್ತ್ರವನ್ನು ಅವನ ಮೂಗಿಗೆ ಒತ್ತಿದರು. “ತಡ್ಕೊಳ್ಳೋ ಮಗನೇ,” ಎಂದರು.

ಡಾಕ್ಟರಮ್ಮ ಅಂಗೈ ತೆಗೆದು, ದೊರೆಸಾನಿಯ ಕಡತ ಬಿಚ್ಚಿ, ನಮಗೆಲ್ಲ ಕೇಳಿಸುವಂತೆ ಓದುತ್ತಾ ಬರೆದರು: ‘ಎಡಗಣ್ಣಿನ ದೃಷ್ಟಿ ಇದೆ. ಸಾಕ್ಷಿ, ಅಳಿಯಂದಿರ ಮೂಗು.’